ಹೊಲದ ಮೂಲೆಯ ದುಂಡು ಗುರುತು

ಗಂಗೋತ್ರಿ,

ಕ್ಷೇಮ ಕೇಳುವ ಮುಖ ನನಗಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಳೆದ ಚಳಿಗಾಲದಲ್ಲಿ ಒಂದು ಪುಟ್ಟ ವಿಮಾನ ವಾರವಿಡೀ ಕಂಪ್ಲಿಯ ಗದ್ದೆಗಳ ಮೇಲೆ ತಗ್ಗಿನಲ್ಲಿ, ನೇಗಿಲ ಸಾಲು ಹೊಡೆದಂತೆ ಹೋಗಿ ಬಂತು. "ಸುಮ್ನ ಹಾರಾಕತ್ತಿಲ್ರೀ ಅಕ್ಕಾರ, ಏನೋ ಹುಡುಕಾಕತ್ತೈತಿ" ಎಂದ ನಮ್ಮ ಅಕ್ಕಿ ಮಿಲ್ಲಿನ ಮುದುಕಪ್ಪ. ಎರಡು ತಿಂಗಳಿಗೆ, ಅದೇ ಸರ್ವೆಯ ಭೂವಿಜ್ಞಾನಿಯಾಗಿ ನೀನು ಬಂದೆ. ಹೊಸಪೇಟೆ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವಳು, ಹನ್ನೆರಡು ವರ್ಷ ಈ ಕಡೆ ಸುಳಿಯದವಳು, ಕೈಯಲ್ಲಿ ಇಳಕಲ್ ಸೀರೆ ಹಿಡಿದು. ಸುಮ್ಮನೆ ಯಾರು ಸೀರೆ ಕೊಡುತ್ತಾರೆ? ಅಂದೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ನೀನು ನಕ್ಷೆ ಬಿಚ್ಚಿದೆ. ವಿಮಾನದ ಯಂತ್ರ ನೆಲದೊಳಗಿನ ಕಲ್ಲುಗಳ ಕಾಂತಶಕ್ತಿ ಅಳೆಯುತ್ತದೆ, ಭೂಮಿಯ ಹಳೆಯ ಬಿರುಕುಗಳು ಕೂಡುವ ಕಡೆ ಕಿಂಬರ್ಲೈಟ್ ಎಂಬ ಕಲ್ಲು ಆಳದಿಂದ ಮೇಲೆದ್ದು ಬಂದಿರಬಹುದು, ವಜ್ರ ಸಿಕ್ಕರೆ ಅದರಲ್ಲಿ ಎಂದೆ. ಅಂಥ ಎರಡು ಬಿರುಕು ಕೂಡುವಲ್ಲೇ ನಮ್ಮ ಕಾಲುವೆ ಪಕ್ಕದ ಹೊಲ, ಅದರ ಮೂಲೆಯಲ್ಲಿ ಕಾಂತಶಕ್ತಿ ಹೆಚ್ಚಿರುವ ದುಂಡನೆಯ ಗುರುತು. "ಭಾಳ ಕಡೆ ಖಾಲಿನ ಇರ್ತೈತಿ, ಶೈಲೂ" ಎಂದೆ. ಖಾಲಿ ಹೊಲಕ್ಕೆ ಇಷ್ಟು ದೂರ ಬರುತ್ತಾರೆಯೇ? ನಾನು ಚಹಾ ತರಲು ಎದ್ದಾಗ ನೀನು ನಕ್ಷೆ ಮಡಚಿದ್ದನ್ನೂ ಗಮನಿಸಿದೆ.

ಆಮೇಲೆ ನೀನು ಕೇಳಿದೆ: "ಆ ಮೂಲ್ಯಾಗ ಹಳೇ ಕಬ್ಬಿಣ ಏನಾರ ಹೂತೀರೇನು? ಖರೆ ಹೇಳು." ಹೌದೆಂದರೆ ವಜ್ರವಿಲ್ಲವೆಂದು ಹೊಲದ ಬೆಲೆ ಇಳಿಸಿ ಯಾರಿಗೋ ಕೊಡಿಸುತ್ತೀ ಎಂದುಕೊಂಡೆ. ನೀನು ಮೂರು ಸಲ ಕೇಳಿದೆ, ಮೂರು ಸಲವೂ ನಾನು ಇಲ್ಲವೆಂದೆ.

ಇದೆ, ಗಂಗೋತ್ರಿ. ನಾನು ಮೂರನೇ ತರಗತಿಯಲ್ಲಿದ್ದಾಗ ಮಿಲ್ಲಿನ ಬಾಯ್ಲರ್ ಸಿಡಿದು ಅಲ್ಲಿ ಕೆಲಸಕ್ಕಿದ್ದ ಆಳು, ನಮ್ಮೂರ ದ್ಯಾಮಕ್ಕನ ಗಂಡ, ತೀರಿಕೊಂಡ. "ಜೀವ ತಗೊಂಡ ಕಬ್ಬಿಣ ಗುಜರಿಗೆ ಹಾಕಬಾರ್ದು" ಎಂದು ಅಪ್ಪ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಆ ಮೂಲೆಯಲ್ಲಿ ಹೂಳಿಸಿದರು. ಪ್ರತಿ ಅಮಾವಾಸ್ಯೆಗೆ ಅಲ್ಲಿ ಕಾಯಿ ಒಡೆಯುವವಳು ನಾನೇ. ನಿನ್ನ ಯಂತ್ರಕ್ಕೆ ಕಂಡದ್ದು ಅದೇ ಇರಬೇಕು.

ನಿನ್ನೆ ನೆಲ ಕೊರೆಯುವವರು ಬಂದು ಜಾಗ ನೋಡಿಹೋದರು. ಅವರ ಕಾಗದದಲ್ಲಿ "ಹೂತ ಕಬ್ಬಿಣವಿಲ್ಲ, ಹೊಲದ ಒಡತಿಯನ್ನು ನಾನೇ ವಿಚಾರಿಸಿದ್ದೇನೆ" ಎಂದು ಬರೆದು ನೀನು ಸಹಿ ಹಾಕಿದ್ದೆ. ನನ್ನ ಬಾಯಿಮಾತು ನಂಬಿ ನಿನ್ನ ಹೆಸರನ್ನೇ ಪಣಕ್ಕಿಟ್ಟಿದ್ದೀ. ಓದಿ ನನಗೆ ನಾಚಿಕೆಯಾಯಿತು. ಸೋಮವಾರ ಕೊರೆಯಲು ಶುರುಮಾಡುತ್ತಾರಂತೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಿನ್ನ ಮೇಲಿನವರಿಗೆ ತೋರಿಸಲು ನನ್ನ ಕೈಬರಹ ಬೇಕು. ಮುದುಕಪ್ಪನ ಕೈಯಲ್ಲಿ ಸಂಡೂರಿನ ನಿನ್ನ ಕ್ಯಾಂಪಿಗೆ ಕಳಿಸುತ್ತಿದ್ದೇನೆ. ಸುಳ್ಳು ನನ್ನದೆಂದು ಅವರಿಗೆ ತಿಳಿಯಲಿ.

ಸಹಿ ಹಾಕಿಸುವ ಕಾಗದ ಏನಾದರೂ ಅಡಗಿಸಿದ್ದೀಯೇನೋ ಎಂದು ಅಂದು ಆ ಸೀರೆಯ ಮಡಿಕೆಗಳನ್ನೆಲ್ಲ ಬಿಚ್ಚಿ ನೋಡಿದ್ದೆ. ಬರೀ ಸೀರೆ ಇತ್ತು. ಇವತ್ತು ಉಟ್ಟಿದ್ದೇನೆ.

ಹಂಪಿಯ ವಿರೂಪಾಕ್ಷ ನಿನ್ನ ಹೆಸರು ಕಾಯಲಿ.

ನಿನ್ನನ್ನು ಅನುಮಾನಿಸಿದ ಗೆಳತಿ,
ಶೈಲಜಾ