ಬಟ್ಟಲಲ್ಲಿ ಒಣಗಿದ ಬಣ್ಣ

ಭಾನುವಾರ, ಹದಿನಾಲ್ಕನೇ ತಾರೀಖು

ಮಗಳೇ,

ಇನ್ನು ಯಾರನ್ನು ಮೆಚ್ಚಿಸಲು ತಲೆಗೆ ಬಣ್ಣ ಅಂತ ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಹಾಲು ಉಕ್ಕುತ್ತಿದೆ ಎಂದು ಹೇಳಿ ಫೋನಿಟ್ಟುಬಿಟ್ಟೆ. ಒಲೆ ಹಚ್ಚಿಯೇ ಇರಲಿಲ್ಲ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆದಿಲ್ಲ, ಕ್ಷಮಿಸು. ನೀವೆಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಾನೂ ಕ್ಷೇಮ, ಎಕ್ಸೆಪ್ಟ್ ದಿ ಹೆಡ್.

ತಲೆಯ ವಿಷಯ ನಾನು ನಿನಗೆ ಹೇಳಿದ್ದಕ್ಕಿಂತ ಕೆಟ್ಟಿದೆ. ಮೊನ್ನೆ ಕ್ಷೌರದವನು ಕಿವಿ ಮಡಿಸಿ ನೋಡಿದವನೇ ಕೊರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿಬಿಟ್ಟ. "ಸಾರ್, ನಾನಂತೂ ನಿಮಗೆ ಬಣ್ಣ ಹಚ್ಚಲ್ಲ. ಇಲ್ಲಿ ಕೂದಲಿಗಿಂತ ಹುಣ್ಣೇ ಜಾಸ್ತಿ ಇದೆ" ಎಂದ. ಅವನ ಮಾತಿಗೆ ಹೋಗಿ ಕಂಡ ಚರ್ಮದ ಡಾಕ್ಟರಮ್ಮ, ಇನ್ನೊಂದು ಸಲ ಹಚ್ಚಿದರೆ ಕಣ್ಣು ಮುಚ್ಚಿಹೋಗುವಷ್ಟು ಮುಖ ಊದುತ್ತದೆ, ಉಸಿರಿಗೂ ತೊಂದರೆ ಬರಬಹುದು ಎಂದರು. ಈ ವಯಸ್ಸಿನಲ್ಲಿ ಅಷ್ಟೊಂದು ಆಸೆಯೇನ್ರೀ ಯಜಮಾನ್ರೇ ಎಂದು ನಕ್ಕರು. ನಾನೂ ನಕ್ಕೆ. ಬೇರೇನು ಮಾಡಲಿ?

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನಿಗೆ ಕನ್ನಡಿಯಿಂದ ತಪ್ಪಿಸಿಕೊಳ್ಳಲು ಜಾಗವಿಲ್ಲ. ಗಿರಾಕಿ ಫ್ರೇಮು ಹಾಕಿಕೊಂಡು ಮುಖ ನೋಡಿಕೊಂಡರೆ ಹಿಂದೆ ನಾನು. ಒಬ್ಬನೇ ಹಚ್ಚಿಕೊಂಡರೆ ಹಿಂದಲೆ ಕೈಗೆ ಸಿಗುವುದಿಲ್ಲ. ಮಾಲೀಕನಂತೂ, ಮುಂದೆ ಅಮಾವಾಸ್ಯೆ, ಹಿಂದೆ ಹುಣ್ಣಿಮೆ, ನಿಮ್ಮ ತಲೆಯಲ್ಲೇ ತಿಂಗಳು ಮುಗಿಯಿತಲ್ಲ ಸಾರ್ ಎಂದು ಗಿರಾಕಿಗಳ ಮುಂದೆಯೇ ಅಂದ.

ನಿನ್ನಮ್ಮ ಹಚ್ಚುತ್ತಿದ್ದಾಗ ಒಂದು ಹನಿಯೂ ಹಣೆಗೆ ಇಳಿಯುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ, ಭಾನುವಾರ ಬಿಟ್ಟು ಭಾನುವಾರ, ಬಚ್ಚಲಿನ ಸ್ಟೂಲು, ನನ್ನ ಹರಿದ ಬನಿಯನ್ನು, ಹಳೇ ಟೂತ್ ಬ್ರಷ್ಷು. ಅಲ್ಲಾಡಿದರೆ ಬಾಚಣಿಗೆಯಿಂದ ತಲೆಗೊಂದು ಏಟು. ಬಲಕಿವಿಯ ಹಿಂದೆ ನಾಲ್ಕು ಕೂದಲು ಬೇಕೆಂದೇ ಬಿಳಿ ಬಿಡುತ್ತಿದ್ದಳು. ಯಾಕೆ ಎಂದರೆ, "ಸುಳ್ಳನ್ನ ಪೂರ್ತಿ ಹೇಳಬಾರದು ರೀ, ಸಿಕ್ಕಿಬೀಳ್ತೀವಿ" ಎನ್ನುತ್ತಿದ್ದಳು.

ಡೈಲೆಮಾ ಎಂಬ ಇಕ್ಕಟ್ಟಿಗೆ ಎರಡು ಕೊಂಬುಗಳಿರುತ್ತವೆ ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಹೇಳಿದ್ದರು. ಕೊಂಬಿನ ನಡುವೆ ಸಿಕ್ಕಿಕೊಂಡವನು ಏನು ಮಾಡಬೇಕು ಎಂದೂ ಹೇಳಿರಬೇಕು. ಅದು ನೆನಪಿಲ್ಲ.

ಮರೆವು ಅವಳನ್ನು ಹೇಗೆ ತಿಂದಿತು ಎಂಬುದನ್ನು ನೀನು ಬಂದಾಗಲೆಲ್ಲ ನೋಡಿದ್ದೀಯ. ಇದೊಂದನ್ನು ಮಾತ್ರ ನಾನು ಹೇಳಿಲ್ಲ. ಔಷಧಿ, ಊಟ, ಬಟ್ಟೆ ಎಂದು ಓಡಾಡುತ್ತ ಎರಡು ತಿಂಗಳು ನಾನು ತಲೆಯ ಕಡೆ ನೋಡಿರಲಿಲ್ಲ. ಒಂದು ಬೆಳಿಗ್ಗೆ ಹಾಲು ತೆಗೆದುಕೊಂಡು ಹೋದರೆ ದಡಬಡಿಸಿ ಎದ್ದು ಕುಳಿತಳು, ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡಳು. "ಮಾವ, ಅವರಿನ್ನೂ ಬಂದಿಲ್ಲ" ಎಂದಳು. ನನ್ನನ್ನು ನನ್ನ ಅಪ್ಪ ಎಂದುಕೊಂಡಿದ್ದಳು. ಅವರ ತಲೆ ನಿನಗೆ ನೆನಪಿದೆಯಲ್ಲ, ಒಂದು ಕಪ್ಪು ಕೂದಲಿರಲಿಲ್ಲ. ಅವರೆದುರು ಇವಳು ಗಟ್ಟಿಯಾಗಿ ಉಸಿರು ಬಿಟ್ಟವಳಲ್ಲ. ಮಾವನ ಕೈಯಿಂದ ತುತ್ತು ತಿನ್ನುವುದುಂಟೇ? ಮಾವ ಬಟ್ಟೆ ಬದಲಿಸುವುದುಂಟೇ? ಎರಡು ದಿನ ಹಸಿದುಕೊಂಡು ಒದ್ದೆಯಲ್ಲೇ ಮಲಗಿದಳು. ಮೂರನೆಯ ದಿನ ಬಣ್ಣ ಹಚ್ಚಿಕೊಂಡು ಒಳಗೆ ಹೋದೆ. ಮಾವನ ಮುಂದೆ ನನ್ನೊಬ್ಬಳನ್ನೇ ಬಿಟ್ಟು ಎಲ್ಲಿ ಹೋಗಿದ್ರಿ ಎಂದು ಅತ್ತಳು.

ಅಂದಿನಿಂದ ಬುಡ ಬೆಳ್ಳಗಾಗುವುದನ್ನೇ ಕಾಯುತ್ತ ಬದುಕಿದೆ.

ಅವಳು ಹೋಗಿ ಎಂಟು ತಿಂಗಳಾಯಿತು. ಆದರೂ ನಿಲ್ಲಿಸಲು ಮನಸ್ಸು ಬರುತ್ತಿಲ್ಲ. ಬಿಳಿ ಬಿಟ್ಟರೆ ಈ ಮನೆಯಲ್ಲಿ ಉಳಿಯುವವರು ಮಾವ. ಅವಳ ಗಂಡ ಮತ್ತೆ ಬರುವುದೇ ಇಲ್ಲ. ನಿನ್ನ ಪ್ರಶ್ನೆಗೆ ಇದೇ ನನ್ನ ಆನ್ಸರ್, ಸರಿಯೋ ತಪ್ಪೋ. ಬರೆಯಲು ಕೂರುವ ಮುಂಚೆ ಮನೆಯಲ್ಲಿದ್ದ ಕೊನೆಯ ಪ್ಯಾಕೆಟ್ಟನ್ನು ಕಲಸಿಟ್ಟಿದ್ದೇನೆ. ಡಾಕ್ಟರಮ್ಮ ಏನೇ ಅನ್ನಲಿ, ಕಾಗದ ಮುಗಿಸಿ ಹಚ್ಚಿಕೊಳ್ಳೋಣ ಎಂದು. ಬಟ್ಟಲು ಇಲ್ಲೇ ಮೊಣಕೈ ಹತ್ತಿರ ಇದೆ.

ಅಳಿಯಂದಿರ ಬೆನ್ನುನೋವು ಕಡಿಮೆಯಾಯಿತೇ? ಮೊಮ್ಮಗಳಿಗೆ ಎರಡೂ ಕೆನ್ನೆಗೆ ಮುತ್ತು. ನಿಮ್ಮ ಮನೆಯಲ್ಲಿ ಯಾರೂ ಯಾರನ್ನೂ ಮರೆಯದಿರಲಿ.

ಯುವರ್ಸ್ ಒಬೀಡಿಯೆಂಟ್ಲಿ. ಅಪ್ಪನಾದವನು ಹೀಗೆ ಬರೆಯಬಾರದೇನೋ. ಬೇರೆಯದು ನೆನಪಾಗುತ್ತಿಲ್ಲ.

ನಿನ್ನ ಅಪ್ಪ

ತಾ. ಕ.: ಅಮ್ಮ ಹೋಗುವಾಗ ಎಲ್ಲಿದ್ರಿ ಅಪ್ಪಾ ಎಂದು ನೀನು ಕೇಳಿದ್ದೆ. ಔಷಧಿ ಅಂಗಡಿಯಲ್ಲಿ ಅಂದಿದ್ದೆ. ನಾನು ಮನೆಯಲ್ಲೇ ಇದ್ದೆ. ಆ ಮಧ್ಯಾಹ್ನ ಅವಳ ಉಸಿರು ಬೇರೆ ಥರ ಆಗಿತ್ತು. ನನ್ನ ತಲೆಯ ಬುಡದಲ್ಲಿ ಬೆರಳಗಲ ಬಿಳಿ. "ಮಾವ, ಅವರನ್ನ ಕರೀರಿ, ಬೇಗ" ಎಂದಳು. ಕರೀತೀನಮ್ಮ ಎಂದೆ. ಕೈ ಹಿಡಿದು, ನಾನೇ ಕಣೇ ಎನ್ನಬಹುದಿತ್ತು. ಬಚ್ಚಲಿಗೆ ಹೋಗಿ ಹಚ್ಚಿಕೊಂಡು ಸ್ಟೂಲಿನ ಮೇಲೆ ಕುಳಿತೆ. ಪ್ಯಾಕೆಟ್ಟಿನ ಮೇಲಿದ್ದ ಹಾಗೆ ಅರ್ಧ ಗಂಟೆ, ಗಡಿಯಾರ ನೋಡುತ್ತ. ಎರಡು ಸಲ ಕರೆದಳು. ಎರಡು ಸಲವೂ ಬಂದೆ, ಬಂದೆ ಎಂದೆ. ತೊಳೆದು, ಬಾಚಿಕೊಂಡು, ಕಪ್ಪಗೆ ಹೋಗಿ ನಿಂತೆ. ಅವಳ ಕಣ್ಣು ಬಾಗಿಲ ಕಡೆಗೇ ಇತ್ತು. ನೋಡುತ್ತಿರಲಿಲ್ಲ. ಅವತ್ತು ನೀನು ನನ್ನನ್ನು ತಬ್ಬಿಕೊಂಡಾಗ ನಿನ್ನ ಬಿಳಿ ದುಪಟ್ಟಾಕ್ಕೆ ಕಪ್ಪು ಹತ್ತಿತ್ತಲ್ಲ, ಅದು ಅದೇ.

ಬಟ್ಟಲಲ್ಲಿ ಬಣ್ಣ ಒಣಗಿ ಬಿರುಕು ಬಿಟ್ಟಿದೆ. ಇನ್ನೊಂದು ಪ್ಯಾಕೆಟ್ಟು ತರುವುದಿಲ್ಲ. ಮುಂದಿನ ತಿಂಗಳು ನೀನು ಬಂದಾಗ ಬಾಗಿಲು ತೆಗೆಯುವ ಮುದುಕನನ್ನು, ಅಪ್ಪ ಎಲ್ಲಿ ಎಂದು ಕೇಳಬೇಡ.

ಅಕ್ಷರ ಕಾಣಿಸುತ್ತಿಲ್ಲ, ಬೆಳಕು ಹೋಗುತ್ತಿದೆ. ದೀಪ ಹಾಕಿದರೆ ಎದುರಿನ ಕಿಟಕಿಯ ಗಾಜಿನಲ್ಲಿ ಮಾವ ಬಂದು ಕೂರುತ್ತಾರೆ. ಹಾಕುವುದಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.