ಕೊನೆಯ ಖಾನೆ

ಠಾಣೆಯ ಸಾಹೇಬರಿಗೆ ಕೈಮುಗಿದು ಬರೆಯುವುದು.

ಮೊನ್ನೆ ನೀವು ತರಗತಿಯಿಂದಲೇ ಕರೆದೊಯ್ದ ಸಮಾಜ ಪಾಠದ ಮೇಷ್ಟ್ರು ನಮ್ಮ ಯಜಮಾನರು. ಅವರ ಕನ್ನಡಕ ಶಾಲೆಯ ಮೇಜಿನ ಮೇಲೇ ಉಳಿದಿತ್ತು. ಈ ಕಾಗದದ ಜೊತೆ ಇಟ್ಟಿದ್ದೇನೆ, ದಯವಿಟ್ಟು ಕೊಡಿಸಿ. ಅದಿಲ್ಲದೆ ಅವರಿಗೆ ಎದುರಿನ ಗೋಡೆಯೂ ಕಾಣದು.

ರಾಜರ ಆಳ್ವಿಕೆ, ಸೇನೆಯ ಆಳ್ವಿಕೆ, ಪ್ರಜೆಗಳ ಆಳ್ವಿಕೆ ಎಂದು ಕರಿಹಲಗೆಯ ಮೇಲೆ ಖಾನೆ ಎಳೆದು, ಪ್ರಶ್ನೆ ಕೇಳಿದವರಿಗೆ ಎಲ್ಲೆಲ್ಲಿ ಏನಾಗುತ್ತದೆ ಎಂದು ಬರೆದಿದ್ದರು. ‘ನಮ್ಮಲ್ಲಿ’ ಎಂಬ ಕೊನೆಯ ಖಾನೆ ಮಾತ್ರ ಖಾಲಿ. “ಇದನ್ನ ನೀವೇ ತುಂಬ್ರಪ್ಪಾ” ಅನ್ನುವುದು ಅವರ ಹಳೆಯ ಅಭ್ಯಾಸ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಲಗೆಯನ್ನು ಇನ್ನೂ ಯಾರೂ ಒರೆಸಿಲ್ಲ. ಅಲ್ಲಿ ಏನು ಬರೆಯಬೇಕೆಂದು ನೀವೇ ಹೇಳಿ ಸ್ವಾಮಿ, ನಾನೇ ಹೋಗಿ ಬರೆದು ಬರುತ್ತೇನೆ. ಮಕ್ಕಳು ಆ ಖಾನೆ ತುಂಬುವ ಮೊದಲು ನಮ್ಮ ಯಜಮಾನರನ್ನು ಬಿಟ್ಟುಬಿಡಿ.

ನಿಮ್ಮ ಬಾಗಿಲಾಚೆಯ ಬೆಂಚಿನಲ್ಲೇ ಕೂತಿರುವ,
ಮೇಷ್ಟ್ರ ಹೆಂಡತಿ