ಪಿಳ್ಳಮ್ಮ ತಂದ ಎಲೆಅಡಿಕೆ

ರಾಯಕೋಟೆ, ಭಾನುವಾರ

ಮಗಳಂಥ ದಿವ್ಯಾ,

ತೀರ್ಪಿನ ಸಂಜೆ ನೀನು ಫೋನಿಗೆ ಕಳಿಸಿದ್ದು ಒಂದೇ ಸಾಲು: "ಅಪೀಲ್ ಹಾಕಾನಾ ಚಿಕ್ಕಮ್ಮ?" ಮೂರು ದಿನವಾಯಿತು. ಬೆರಳಲ್ಲಿ ಒತ್ತಿ ಕಳಿಸುವಂಥ ಉತ್ತರ ನನ್ನಲ್ಲಿಲ್ಲ. ಅದಕ್ಕೇ ಪೆನ್ನು ಹಿಡಿದೆ.

ಕಂಪನಿ ವ್ಯಾನಿನಲ್ಲಿ ಕೊನೆಯವಳಾಗಿ ಉಳಿದ ನಿನ್ನ ಮೇಲೆ ಡ್ರೈವರ್ ಯತಿರಾಜ್ ಕೈ ಹಾಕಿದಾಗ ನಿನಗೆ ಇಪ್ಪತ್ತು. ಈಗ ಇಪ್ಪತ್ತಾರು. ಒಂದೊಂದು ವಾಯಿದೆಗೂ ಕೋರ್ಟಿನ ಹೊರಗೆ ಕಾಯುತ್ತಾ ಪ್ರಾಸ ಕಟ್ಟಿ ನಿನ್ನನ್ನು ನಗಿಸುತ್ತಿದ್ದೆ: ಜಡ್ಜಿಗೆ ರಜಾ, ವಕೀಲರಿಗೆ ಮಜಾ, ನಮಗಷ್ಟೇ ಸಜಾ. ನೀನು ನಕ್ಕದ್ದು ಮೊದಲ ವರ್ಷ ಮಾತ್ರ.

ನೀನು ದೂರು ಕೊಟ್ಟ ತಿಂಗಳಿಗೆ ಅವನ ತಾಯಿ ಪಿಳ್ಳಮ್ಮ ಲಗ್ನಪತ್ರಿಕೆ, ಎಲೆಅಡಿಕೆಯ ತಟ್ಟೆ ಹಿಡಿದು ಬಂದಳು. "ಬ್ಯಾಡ ಅನ್ಬ್ಯಾಡ ಕಣವ್ವಾ. ಮಗಳ ಮದ್ವೆ. ಅವ್ನು ಮಾಡಿದ್ಕೆ ಆ ಹೆಣ್ಣೇನ್ ಮಾಡೀತು?" ಎಂದು ಅತ್ತಳು. ಮದುವೆಗೆ ಕರೆಯಲು ಬಂದವಳನ್ನು ಬಾಗಿಲಿಂದಲೇ ಯಾರು ಕಳಿಸುತ್ತಾರೆ? ಕುಂಕುಮವಿಟ್ಟೆ, ಎಲೆಅಡಿಕೆ ತಗೊಂಡೆ. ಅವಳ ಜೊತೆ ಬಂದವರು ಫೋಟೋ ಹಿಡಿದರು. ಮದುವೆ ಮನೆಯವರ ಖುಷಿ ಅಂದುಕೊಂಡೆ. ಬಿ.ಎ. ಓದಿದವಳು ನಾನು.

ಕೋರ್ಟಿನಲ್ಲಿ ಸಾಕ್ಷಿ ಹೇಳಲು ನಿಂತಾಗ ಯತಿರಾಜನ ವಕೀಲರು ಆ ಫೋಟೋವನ್ನು ನನ್ನ ಮುಖದ ಮುಂದೆ ಹಿಡಿದರು. "ಆರೋಪಿ ಮನೆಯ ತಾಂಬೂಲ ತಗೊಂಡ್ರಾ? ಹೌದಾ, ಇಲ್ವಾ? ಅಷ್ಟೇ ಹೇಳಿ." ಹೌದು ಎಂದೆ. ಯಾಕೆ ಎಂದು ಯಾರೂ ಕೇಳಲಿಲ್ಲ. ನಮ್ಮ ಸರ್ಕಾರಿ ವಕೀಲರೂ ಕೇಳಲಿಲ್ಲ, ಊಟದ ಹೊತ್ತಾಗಿತ್ತು.

ತೀರ್ಪಿನಲ್ಲಿ ಅದೇ ಬಂದಿದೆ. ಎರಡು ಮನೆಗಳ ನಡುವೆ ಸ್ನೇಹವಿತ್ತು, ದೂರು ನಂಬಲರ್ಹವಲ್ಲ. ಸಂಶಯದ ಲಾಭದ ಮೇಲೆ ಬಿಡುಗಡೆಯಂತೆ. ಲಾಭ ಅವನಿಗೆ, ಸಂಶಯ ನಿನಗೆ.

ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದು ನೀನೇ ಅಂದೆ: "ಅಳ್ಬ್ಯಾಡ ಬುಡು ಚಿಕ್ಕಮ್ಮ. ನೀನು ಎಲೆ ತಗೊಳ್ದಿದ್ರೆ ಇನ್ನೊಂದು ಹುಡುಕ್ತಿದ್ರು." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ದಿವ್ಯಾ.

ಯತಿರಾಜ್ ನಾಳೆಯಿಂದ ಮತ್ತೆ ಅದೇ ವ್ಯಾನ್ ಓಡಿಸುತ್ತಾನಂತೆ. ಅದೇ ಕಂಪನಿಗೆ ಹೋಗುತ್ತಿದ್ದ ನಿನ್ನ ತಂಗಿ ಸೌಮ್ಯ ನಿನ್ನೆ ಕೆಲಸ ಬಿಟ್ಟಳು. ಅದು ನಿನಗೆ ಬೇರೆಯವರಿಂದ ತಿಳಿಯುವುದು ಬೇಡ. ಅವಳೀಗ ಹಿತ್ತಲಲ್ಲಿ ಯೂನಿಫಾರಂ ಒಗೆದು ಮಡಚುತ್ತಿದ್ದಾಳೆ, ಕಂಪನಿಗೆ ವಾಪಸ್ ಕೊಡಬೇಕಲ್ಲ. ಅವನು ಬಿಡುಗಡೆಯಾದ, ಇವಳು ಮನೆಗೆ ಬಂದಳು.

ಅಪೀಲ್ ಹಾಕಿದರೆ ಇನ್ನೆಷ್ಟು ವರ್ಷ ಎಂದು ವಕೀಲರನ್ನು ಕೇಳಿದೆ. ಅವರು ಆಕಾಶ ನೋಡಿದರು. ಹಾಕು ಎನ್ನಲು ನನಗೆ ಬಾಯಿಲ್ಲ, ಬೇಡ ಎನ್ನಲು ಮುಖವಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಬರೆಯದೆಯೇ ಈ ಕಾಗದ ಮುಗಿಸುತ್ತಿದ್ದೇನೆ, ಕ್ಷಮಿಸು. ನೀನು ಹಾಕಿದರೆ ಸಾಕ್ಷಿಯಾಗಿ ಅಲ್ಲದಿದ್ದರೂ ಬಸ್ಸಿಗೆ ಜೊತೆಯಾಗಿ ಬರುತ್ತೇನೆ. ಹಾಕದಿದ್ದರೆ ಯಾರಿಗೂ ಕಾರಣ ಹೇಳಬೇಡ.

ನಿನಗೆ ನಿದ್ದೆ ಬರಲಿ ಮಗಳೇ. ಸದ್ಯಕ್ಕೆ ಅದಕ್ಕಿಂತ ದೊಡ್ಡ ಹಾರೈಕೆ ನನಗೆ ತೋಚುತ್ತಿಲ್ಲ.

ನಿನ್ನ ಚಿಕ್ಕಮ್ಮ,
ಚಂದ್ರಲೇಖಾ